ಅಡ್ಡದಾರಿ ಯಾರಪ್ಪನದು?

ಡಿಸೆಂಬರ್ ಬಂತೆಂದರೆ ಯುರೋಪಿನ ಪತ್ರಿಕೆಗಳಲ್ಲಿ, ಯೂಟ್ಯೂಬಿನಲ್ಲಿ ಒಂದು ಬಗೆಯ ಉಪದೇಶ ಸಾಹಿತ್ಯ ಶುರುವಾಗುತ್ತದೆ. ಆಲ್ಪ್ಸ್‌ನ ಸ್ಕೀ ಊರುಗಳಿಗೆ ಕಾರಿನಲ್ಲಿ ಹೋಗುವವರು ಎಷ್ಟು ಗಂಟೆಗೆ ಮನೆ ಬಿಡಬೇಕು, ಯಾವ ಹೆದ್ದಾರಿ ತಪ್ಪಿಸಬೇಕು, ಎಲ್ಲಿ ಇಳಿದು ಯಾವ ಹಳ್ಳಿಯೊಳಗೆ ನುಗ್ಗಿ ಎಲ್ಲಿ ಮತ್ತೆ ಹೆದ್ದಾರಿ ಹತ್ತಬೇಕು ಎಂಬ ಉಪದೇಶ. ರಾತ್ರಿ ಎರಡಕ್ಕೇ ಹೊರಡಿ. ಬ್ರೆನ್ನರ್ ಬೇಡ, ಫರ್ನ್‌ಪಾಸ್ ಹಿಡಿಯಿರಿ. ಫರ್ನ್‌ಪಾಸ್ ತುಂಬಿದೆಯಂತೆ, ಇನ್ನೊಂದು ಸಣ್ಣ ರಸ್ತೆ ಇದೆ, ಯಾರಿಗೂ ಗೊತ್ತಿಲ್ಲ. ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದವರೂ ಇದರಲ್ಲಿ ಚೆನ್ನಾಗಿ ಪಳಗಿದ್ದಾರೆ. ಹಿಮದ ಫೋಟೊಗಿಂತ ಮೊದಲು ಅವರಿಂದ ಬರುವುದು ದಾರಿಯ ನಕ್ಷೆ.

ಈ ಉಪದೇಶ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ಒಂದೇ ವರ್ಷದಲ್ಲಿ ಬಣ್ಣ ಬಯಲಾಗುತ್ತಿತ್ತು. ಅದು ಕೇಳಿದ ಒಬ್ಬನಿಗೆ ಅಷ್ಟಿಷ್ಟು ನಿಜವಾಗುತ್ತದೆ, ಮತ್ತು ಹಾಗೆ ನಿಜವಾಗುವುದು ಬೇರೊಬ್ಬರ ಖರ್ಚಿನಲ್ಲಿ. ನನ್ನ ತಕರಾರು ಇರುವುದು ಅಲ್ಲಿ.

ಫ್ರಾನ್ಸ್ ಈ ವಿದ್ಯೆಯನ್ನು ಸರ್ಕಾರಿ ಇಲಾಖೆಯನ್ನಾಗಿಯೇ ಮಾಡಿತು. 1975ರ ಆಗಸ್ಟ್ ಮೊದಲ ವಾರಾಂತ್ಯದಲ್ಲಿ ದೇಶದ ರಸ್ತೆಗಳಲ್ಲಿ ಒಟ್ಟು 600 ಕಿ.ಮೀ.ನಷ್ಟು ವಾಹನಗಳು ಸಾಲುಗಟ್ಟಿ ನಿಂತವು. ಮರುವರ್ಷ 'ಬಿಸೋನ್ ಫ್ಯೂಟೆ' ಎಂಬ ಸೇವೆ ಹುಟ್ಟಿತು. ಚತುರ ಕಾಡುಕೋಣ ಅಂದುಕೊಳ್ಳಿ. ಅದು ದಿನಗಳಿಗೆ ಬಣ್ಣ ಬಳಿಯುತ್ತದೆ: ಹಸಿರು, ಕಿತ್ತಳೆ, ಕೆಂಪು, ಕಪ್ಪು. ಫೆಬ್ರವರಿಯ ಶಾಲಾ ರಜೆಯ ಶನಿವಾರಗಳಂದು ಸವೊಯ್ ಕಡೆಯ ರಸ್ತೆಗಳಿಗೆ ಯಾವ ಬಣ್ಣ ಎಂದು ಬೇರೆ ಹೇಳಬೇಕಿಲ್ಲ. ಉಪಯುಕ್ತ ಸೇವೆ, ಒಪ್ಪುತ್ತೇನೆ. ಆದರೆ ಹೆಸರಿನಲ್ಲೇ ಒಂದು ತತ್ವ ಅಡಗಿದೆ. ರಸ್ತೆ ತುಂಬುವುದು ಮಳೆಯ ಹಾಗೆ, ಯಾರ ಕೈಯಲ್ಲೂ ಇಲ್ಲ. ನೆನೆಯದಂತೆ ನೋಡಿಕೊಳ್ಳುವ ಜಾಣತನ ನಿನ್ನದು. ನೆನೆದೆಯೋ, ನೀನು ದಡ್ಡ.

ರಸ್ತೆ ಮಳೆಯಲ್ಲ. ಜಾನ್ ವಾರ್ಡ್ರಾಪ್ ಎಂಬ ಇಂಗ್ಲಿಷ್ ಗಣಿತಜ್ಞ 1952ರಲ್ಲೇ ಬರೆದಿಟ್ಟ ಸಂಗತಿ ಇದು: ಪ್ರತಿಯೊಬ್ಬನೂ ತನಗೆ ಬೇಗ ಮುಟ್ಟಿಸುವ ದಾರಿಯನ್ನೇ ಆರಿಸುತ್ತ ಹೋದರೆ, ಕೊನೆಗೆ ಜನ ಬಳಸುವ ಎಲ್ಲ ದಾರಿಗಳೂ ಒಂದೇ ಹೊತ್ತು ಹಿಡಿಯುವಲ್ಲಿಗೆ ಬಂದು ನಿಲ್ಲುತ್ತವೆ. ಒಳದಾರಿಯ ಗುಟ್ಟು ಹರಡಿದಷ್ಟೂ ಒಳದಾರಿ ಹೆದ್ದಾರಿಯಷ್ಟೇ ನಿಧಾನವಾಗುತ್ತದೆ. 1968ರಲ್ಲಿ ಜರ್ಮನಿಯ ಡೀಟ್ರಿಶ್ ಬ್ರೆಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೆಲವು ಜಾಲಗಳಲ್ಲಿ ಹೊಸದೊಂದು ರಸ್ತೆ ಸೇರಿಸಿದರೆ ಎಲ್ಲರ ಪ್ರಯಾಣವೂ ಮೊದಲಿಗಿಂತ ಉದ್ದವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಯಾರೂ ತಪ್ಪು ಮಾಡುವುದಿಲ್ಲ, ಎಲ್ಲರೂ ಜಾಣರೇ, ಎಲ್ಲರೂ ತಡವಾಗಿ ತಲುಪುತ್ತಾರೆ. ಮೊಬೈಲಿನ ನಕ್ಷೆ ಬಂದಮೇಲೆ ಆ ಗುಟ್ಟು ಹರಡಲು ಒಂದು ಋತುವೂ ಬೇಡ, ಹತ್ತು ನಿಮಿಷ ಸಾಕು.

ಹಾಗಾದರೆ ರಸ್ತೆ ತುಂಬುವುದು ಯಾಕೆ? ಉಪದೇಶಕರು ಎತ್ತದ ಪ್ರಶ್ನೆ ಇದೇ. ಉತ್ತರ ಬಹಳ ಸಪ್ಪೆಯಾದದ್ದು: ಶನಿವಾರ. ಫ್ರಾನ್ಸಿನ ಸ್ಕೀ ಊರುಗಳಲ್ಲಿ ಬಾಡಿಗೆ ಮನೆಗಳು ಬಹುತೇಕ ಶನಿವಾರದಿಂದ ಶನಿವಾರಕ್ಕೆ. ಬೆಳಿಗ್ಗೆ ಹತ್ತರೊಳಗೆ ಹಳಬರು ಖಾಲಿ ಮಾಡಬೇಕು, ನಡುವೆ ಗುಡಿಸಿ ಒರೆಸುವ ಕೆಲಸ, ಸಂಜೆ ನಾಲ್ಕು ಐದರ ಹೊತ್ತಿಗೆ ಹೊಸಬರ ಕೈಗೆ ಬೀಗದ ಕೈ. ಸ್ಕೀ ಕಲಿಸುವ ತರಗತಿ, ಬಾಡಿಗೆ ಸಲಕರಣೆ, ಆರು ದಿನದ ಲಿಫ್ಟ್ ಪಾಸು, ಎಲ್ಲವೂ ಈ ವಾರದ ಅಚ್ಚಿನಲ್ಲಿ ಎರಕ ಹೊಯ್ದಂಥವು. ಈಗ ತಾರಂತೇಜ್ ಕಣಿವೆಯನ್ನು ನೋಡಿ. ಕುರ್ಶೆವೆಲ್, ಮೆರಿಬೆಲ್, ವಾಲ್ ತೊರಾನ್ಸ್, ಲಾ ಪ್ಲಾನ್ಯ್, ಲೆಜಾರ್ಕ್, ತೀನ್ಯ್, ವಾಲ್ ದಿಜೇರ್. ಲೋಕದ ಅತಿ ದೊಡ್ಡ ಸ್ಕೀ ಪ್ರದೇಶಗಳಲ್ಲಿ ಕೆಲವು. ಚಳಿಗಾಲದಲ್ಲಿ ಇವಕ್ಕೆಲ್ಲ ಕೆಳಗಿನಿಂದ ಹೋಗುವ ಮುಖ್ಯ ದಾರಿ ಒಂದೇ, ಆಲ್ಬರ್ಟ್‌ವಿಲ್‌ನಿಂದ ಮೂತಿಯೆ ಕಡೆಗೆ ಏರುವ ಎನ್-90. 1992ರ ಚಳಿಗಾಲದ ಒಲಿಂಪಿಕ್ಸಿಗೆಂದು ಅದನ್ನು ಅಗಲ ಮಾಡಿದರು. ಇಳಿಯುವ ಒಂದು ನಗರ, ಏರುವ ಒಂದು ನಗರ, ಒಂದೇ ಹಗಲಿನಲ್ಲಿ ಆ ಕೊರಕಲಿನಲ್ಲಿ ಎದುರುಬದುರಾಗುತ್ತವೆ. ಇದಕ್ಕೆ ಯಾವ ಜಾಣ ದಾರಿ?

2014ರ ಡಿಸೆಂಬರ್ 27 ಕೂಡ ಶನಿವಾರವೇ. ಹಿಮ ಸುರಿಯಿತು, ಸುಮಾರು 15,000 ಪ್ರಯಾಣಿಕರು ಸವೊಯ್ ರಸ್ತೆಗಳಲ್ಲಿ ಸಿಕ್ಕಿಹಾಕಿಕೊಂಡರು, ಊರೂರಿನ ಸಭಾಂಗಣಗಳಲ್ಲಿ ರಾತ್ರಿ ಕಳೆದರು. 2025ರ ಫೆಬ್ರವರಿ 1, ಮತ್ತೆ ಶನಿವಾರ, ಮೂತಿಯೆ ಹತ್ತಿರ ಬಂಡೆ ಕುಸಿದು ಎನ್-90 ಮುಚ್ಚಿತು. ಹಿಮವೂ ಬಂಡೆಯೂ ನಿಸರ್ಗದ್ದು ನಿಜ. ಅವು ಬಿದ್ದ ಹೊತ್ತಿಗೆ ಅಷ್ಟು ಸಂಸಾರಗಳು ಒಂದೇ ರಸ್ತೆಯ ಮೇಲೆ ಇದ್ದದ್ದು ಬಾಡಿಗೆ ಕರಾರಿನದು. ಸರ್ಕಾರ ಮಾಡಿದ್ದೇನು? 2021ರ ನವೆಂಬರಿನಿಂದ ಗುಡ್ಡಗಾಡಿನ ಗುರುತಿಸಿದ ಊರುಗಳಲ್ಲಿ ಚಳಿಗಾಲದ ಟಯರೋ ಚೈನೋ ಇರಲೇಬೇಕು ಎಂಬ ನಿಯಮ. ಸರಿಯಾದ ನಿಯಮವೇ. ಆದರೆ ಇಲ್ಲಿಯೂ ಹೊರೆ ಹೊತ್ತವನು ಕಾರಿನವನು. ಶನಿವಾರವನ್ನು ಯಾರೂ ಮುಟ್ಟಲಿಲ್ಲ. ಶಾಲೆಗಳನ್ನು ಮೂರು ವಲಯ ಮಾಡಿ ಚಳಿಗಾಲದ ರಜೆಯನ್ನು ನಾಲ್ಕು ವಾರಕ್ಕೆ ಹಂಚಬಲ್ಲ ದೇಶಕ್ಕೆ, ಬೀಗದ ಕೈ ಕೊಡುವ ದಿನವನ್ನು ಹಂಚುವುದು ಕಷ್ಟವಂತೆ.

ಇನ್ನು ಟಿರೋಲ್. ಅಡ್ಡದಾರಿಗೆ ಕೊಂಬು ಮೂಡುವುದು ಈ ಆಸ್ಟ್ರಿಯನ್ ಪ್ರಾಂತ್ಯದಲ್ಲಿ. ಹೆದ್ದಾರಿಯಲ್ಲಿ ಸಾಲು ನಿಂತ ಕೂಡಲೇ ಮೊಬೈಲು ಹೇಳುತ್ತದೆ, ಇಲ್ಲಿ ಇಳಿ. ಇಳಿದವರೆಲ್ಲ ಇನ್ಸ್‌ಬ್ರುಕ್ ಸುತ್ತಿನ ಹಳ್ಳಿಗಳ ಬೀದಿಗೆ ಬೀಳುತ್ತಾರೆ. ಊರವರಿಗೆ ತಮ್ಮ ಅಂಗಳದಿಂದ ಹೊರಬರಲಾಗದು. ಆಂಬುಲೆನ್ಸಿಗೆ ದಾರಿ ಸಿಗದು. 2019ರ ಜೂನಿನಲ್ಲಿ ಟಿರೋಲ್ ಸರ್ಕಾರ ವಾರಾಂತ್ಯಗಳಲ್ಲಿ ಈ ಒಳರಸ್ತೆಗಳನ್ನು ಹಾದುಹೋಗುವವರಿಗೆ ಮುಚ್ಚಿ, ಇಳಿದಾರಿಗಳಲ್ಲಿ ಪೊಲೀಸರನ್ನು ನಿಲ್ಲಿಸಿತು. ಆಮೇಲೆ ಕುಫ್‌ಸ್ಟೈನ್, ರೊಯ್ಟ ಕಡೆಗೂ, ಚಳಿಗಾಲಕ್ಕೂ ವಿಸ್ತರಿಸಿತು. ಬವೇರಿಯ ಕೆಂಡವಾಯಿತು. ಜರ್ಮನಿಯ ಆಗಿನ ಸಾರಿಗೆ ಸಚಿವರು ಕೋರ್ಟಿಗೆ ಹೋಗುತ್ತೇವೆ ಎಂದರು. ಸ್ವತಂತ್ರ ಸಂಚಾರ ಯುರೋಪಿನ ಅಡಿಗಲ್ಲು, ಹಳ್ಳಿಯವರು ಅದನ್ನು ಅಲುಗಾಡಿಸುತ್ತಿದ್ದಾರೆ ಎಂಬ ಧಾಟಿ.

ನಿಷೇಧದ ಷರತ್ತು ನೋಡಿ. ಆ ಊರಿಗೇ ಹೋಗುವವನಿಗೆ, ಅಲ್ಲೇ ಉಳಿಯುವ ಪ್ರವಾಸಿಗೆ ತಡೆಯಿಲ್ಲ. ತಡೆ ಇರುವುದು ಊರನ್ನು ತೂಬಿನಂತೆ ಬಳಸಿ ಮುಂದಕ್ಕೆ ಹರಿಯುವವನಿಗೆ, ಮತ್ತು ಅವನಿಗೂ ಹೆದ್ದಾರಿ ತೆರೆದೇ ಇದೆ. ಕಳೆದುಕೊಂಡದ್ದು ಸಂಚಾರ ಸ್ವಾತಂತ್ರ್ಯವಲ್ಲ, ಸಾಲಿನಲ್ಲಿ ಮುಂದೆ ನುಗ್ಗುವ ಸೌಕರ್ಯ. ರೇಷನ್ ಅಂಗಡಿಯ ಮುಂದೆ ಹಾಗೆ ಮಾಡಿದವನಿಗೆ ನಾವು ಏನನ್ನುತ್ತೇವೆ?

ಟಿರೋಲಿನವರೂ ಸಂತರಲ್ಲ. ಪ್ರವಾಸಿಗಳ ದುಡ್ಡು ಬೇಕು, ಹೊಗೆ ಬೇಡ ಎನ್ನುವ ಮಾತಿನಲ್ಲಿ ಠಕ್ಕುತನ ಇದೆ ಎಂದು ಬವೇರಿಯದವರು ಹೇಳುವಾಗ ನನಗೂ ತಲೆದೂಗಬೇಕೆನಿಸುತ್ತದೆ. ಕುಫ್‌ಸ್ಟೈನ್ ಕಥೆಯೇ ಸಾಕು. ಆಸ್ಟ್ರಿಯದ ಹೆದ್ದಾರಿಗೆ 1997ರಿಂದ ಸುಂಕದ ಸ್ಟಿಕರ್ ಬೇಕು. ಗಡಿ ದಾಟಿ ಮೊದಲ ಕೆಲವು ಕಿಲೋಮೀಟರಿಗೆ ಮೊದಲು ಅದನ್ನು ಕೇಳುತ್ತಿರಲಿಲ್ಲ. 2013ರ ಡಿಸೆಂಬರಿನಿಂದ ಕೇಳತೊಡಗಿದರು. ಒಂದು ದಿನದ ಸ್ಕೀಗೆ ಬರುವವರು ಸುಂಕ ಉಳಿಸಲು ಗಡಿಯಲ್ಲೇ ಇಳಿದು ಕುಫ್‌ಸ್ಟೈನ್ ಪೇಟೆಯೊಳಗೆ ಸಾಲುಗಟ್ಟಿದರು. ಕೊನೆಗೆ 2019ರ ಡಿಸೆಂಬರ್ 15ರಿಂದ ಆ ತುಂಡನ್ನು ಸುಂಕಮುಕ್ತ ಮಾಡಬೇಕಾಯಿತು. ತಾನೇ ಇಟ್ಟ ಸುಂಕ ತನ್ನದೇ ಊರಿನೊಳಗೆ ದಂಡು ನುಗ್ಗಿಸಿತು. ಆದರೆ ಈ ಕಥೆಯೂ ನನ್ನ ವಾದಕ್ಕೇ ಬರುತ್ತದೆ: ಸಾವಿರಾರು ಚಾಲಕರನ್ನು ಒಂದು ಬೀದಿಗೆ ತಿರುಗಿಸಿದ್ದು ಒಂದು ನಿಯಮ, ಅಲ್ಲಿಂದ ಎತ್ತಲು ಹೊರಟದ್ದೂ ಇನ್ನೊಂದು ನಿಯಮ. ಅವರಲ್ಲಿ ಒಬ್ಬೊಬ್ಬನ ಜಾಣತನಕ್ಕೂ ಇದರಲ್ಲಿ ಪಾತ್ರವಿಲ್ಲ.

ಸಾಹಿತ್ಯದವರಿಗೆ ಹುಲಿಯೊ ಕೊರ್ತಾಸರನ 'ದಕ್ಷಿಣದ ಹೆದ್ದಾರಿ' ನೆನಪಾಗಬಹುದು. 1966ರ ಸಂಕಲನದ ಕಥೆ. ಪ್ಯಾರಿಸಿಗೆ ಮರಳುವ ಭಾನುವಾರದ ಸಾಲು ಕದಲುವುದೇ ಇಲ್ಲ, ಋತುಗಳು ಬದಲಾಗುತ್ತವೆ, ಕಾರಿನ ಹೆಸರಿನಿಂದಲೇ ಕರೆಯಿಸಿಕೊಳ್ಳುವ ಜನ ನೀರು ಹಂಚಿಕೊಂಡು ಒಂದು ಸಮಾಜ ಕಟ್ಟುತ್ತಾರೆ. ಇದನ್ನು ಅಸಂಗತ ಕಥೆ ಎಂದು ತರಗತಿಗಳಲ್ಲಿ ಪಾಠ ಮಾಡುತ್ತಾರೆ. ನನಗೆ ಅದರಲ್ಲಿ ಅಸಂಗತ ಕಾಣುವುದು ಸಾಲು ಬಿಚ್ಚಿಕೊಂಡ ಮೇಲಿನ ಭಾಗ: ಕಾರುಗಳು ಓಡತೊಡಗಿದ ಕೂಡಲೇ ಎಲ್ಲರೂ ಎಲ್ಲರನ್ನೂ ಕಳೆದುಕೊಳ್ಳುತ್ತಾರೆ. ಸ್ಕೀ ರಜೆಯ ನಕ್ಷೆ ಹೇಳಿಕೊಡುವವರು ಹೊರಡುವುದೇ ಆ ಕೊನೆಯ ಪುಟದಿಂದ.

ರೈಲಿದೆಯಲ್ಲ ಎಂದರೆ ಬರುವ ಉತ್ತರ ಗೊತ್ತು: ಎರಡು ಮಕ್ಕಳು, ನಾಲ್ಕು ಜೊತೆ ಸ್ಕೀ, ಬೂಟು, ವಾರದ ದಿನಸಿ, ನೀನು ಹೊತ್ತು ತೋರಿಸು. ನ್ಯಾಯವಾದ ಮಾತು. ನಾಲ್ಕು ಜನರ ಟಿಕೆಟ್ಟಿಗಿಂತ ಒಂದು ಟ್ಯಾಂಕ್ ಪೆಟ್ರೋಲು ಅಗ್ಗವಾಗಿರುವ ತನಕ ರೈಲು ಹತ್ತಿ ಎಂದು ನೀತಿ ಹೇಳುವುದು ಕೂಡ ಇನ್ನೊಂದು ಉಪದೇಶವೇ. ಆದರೆ ಹಳಿಯೇ ಇಲ್ಲ ಎನ್ನಬೇಡಿ. ಆರ್ಲ್‌ಬರ್ಗ್ ರೈಲು ಸುರಂಗ 1884ರದು. ಸಾಂಕ್ಟ್ ಆಂಟೋನ್ ನಿಲ್ದಾಣದಿಂದ ಲಿಫ್ಟಿಗೆ ನಡೆದೇ ಹೋಗಬಹುದು. ಬೂರ್-ಸೇಂಟ್-ಮೊರೀಸ್ ನಿಲ್ದಾಣದಿಂದ ಹಗ್ಗದ ರೈಲು ಹತ್ತಿದರೆ ಏಳು ನಿಮಿಷಕ್ಕೆ ಲೆಜಾರ್ಕ್. ಝೆರ್ಮಾಟ್ ಊರೊಳಗೆ ನಿಮ್ಮ ಕಾರಿಗೆ ಪ್ರವೇಶವೇ ಇಲ್ಲ, ಐದು ಕಿ.ಮೀ. ಕೆಳಗೆ ತೇಶ್‌ನಲ್ಲಿ ಬಿಟ್ಟು ರೈಲು ಹತ್ತಬೇಕು. ಇದರಿಂದ ಝೆರ್ಮಾಟ್ ಬಡವಾಗಿದೆ ಎಂದು ಯಾರೂ ಹೇಳಿದ್ದು ಕೇಳಿಲ್ಲ. ಇನ್ನೊಂದು ಕಡೆ, ಲಂಡನ್ನಿನಿಂದ ಈ ತಾರಂತೇಜ್‌ಗೆ 1997ರಿಂದ ಯೂರೋಸ್ಟಾರ್ ತಾನೇ ಓಡಿಸುತ್ತಿದ್ದ ನೇರ ಸ್ಕೀ ರೈಲು ಕೋವಿಡ್ ನಂತರ ಆ ರೂಪದಲ್ಲಿ ಮರಳಲಿಲ್ಲ. ಆಮೇಲೆ ಬಂದದ್ದು ಲಿಲ್‌ನಲ್ಲಿ ಇಳಿದು ಸಾಮಾನು ಸಮೇತ ರೈಲು ಬದಲಿಸುವ ವ್ಯವಸ್ಥೆ. ಮಕ್ಕಳು ಮರಿ ಕಟ್ಟಿಕೊಂಡವರನ್ನು ಮತ್ತೆ ಕಾರಿಗೆ ಹತ್ತಿಸಲು ಇದಕ್ಕಿಂತ ಸುಲಭದ ಉಪಾಯ ಬೇಡ.

ಕಡಿಮೆಯಾಗುತ್ತಿರುವ ಹಿಮವನ್ನು ನೋಡಲು ಹೊಗೆಯುಗುಳುತ್ತ ಹೋಗುವುದರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ, ಅದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಬೇಡಿಕೆ ಸಣ್ಣದು. ಮುಂದಿನ ರಜೆಗೆ ಬಾಡಿಗೆ ಮನೆ ಹುಡುಕುವವರು, ಅದರಲ್ಲೂ ಶಾಲೆಯ ರಜೆಗೆ ಕಟ್ಟುಬೀಳದ ವಿದ್ಯಾರ್ಥಿಗಳು, ದಾರಿ ಕೇಳುವ ಮೊದಲು ಮನೆಯವರಿಗೆ ಒಂದು ಇಮೇಲ್ ಬರೆಯಲಿ: ಬುಧವಾರ ಬಂದು ಬುಧವಾರ ಹೋಗಲು ಬಿಡುತ್ತೀರಾ? ಬಿಡುವುದಿಲ್ಲ ಎಂದರೆ ಯಾಕೆ ಎಂದು ಕೇಳಲಿ. ಆ ಉತ್ತರಗಳನ್ನು ಒಟ್ಟು ಮಾಡಿ ಬಿಸೋನ್ ಫ್ಯೂಟೆಯ ಬಣ್ಣದ ಪಂಚಾಂಗದ ಪಕ್ಕದಲ್ಲಿ ಇಟ್ಟು ಓದಿದರೆ, ಕಪ್ಪು ಬಳಿಯುತ್ತಿರುವ ಕೈ ಯಾರದು ಎಂದು ಗೊತ್ತಾಗುತ್ತದೆ.