ಬಿತ್ತದ ಹೊಲದಾಗ ಬೆಳೆ ಹುಡುಕಿದಂಗ

2025ರ ಅಕ್ಟೋಬರ್ 15, ಬುಧವಾರ. ದೀಪಾವಳಿಗೆ ಇನ್ನೂ ಐದಾರು ದಿನ ಇತ್ತು. ಒಣದ್ರಾಕ್ಷಿ ದರ ಏನೈತಿ ನೋಡೋಣವೆಂದು ಸಾಂಗಲಿ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಗುರುತಿನ ಅಡತಿಯವರ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿರುವಾಗ ಅವರು ಮರಾಠಿಯಲ್ಲಿ ಫೋನ್ ಮುಗಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: “ಏನ್ರಿ ಪೇಪರ್‌ನವರ, ನಿನ್ನಿ ಸಿಂಗಾಪುರದವರ ಕೈಯಾಗೂ ಸೋತ್ರಂತಲ್ಲ ನಮ್ಮವರು?”

ಮಾಲು ತಂದಿದ್ದ ಅಥಣಿ ಕಡೆಯ ರೈತರೊಬ್ಬರು, “ಯಾವ ಆಟದಾಗ್ರಿ?” ಎಂದರು.

“ಫುಟ್‌ಬಾಲ್ ರೀ.”

“ಹೌದಾ? ಅದಕ್ಕೂ ನಮ್ಮ ದೇಶದ್ದು ಟೀಮ್ ಐತೇನ್ರಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೇ ಇದ್ದವನು ಒಬ್ಬನೇ. ಬಾಕ್ಸ್ ಏರಿಸಲು ಕಾಯುತ್ತ ಮೂಲೆಯಲ್ಲಿ ಕೂತಿದ್ದ ಟೆಂಪೋ ಹುಡುಗ, ಮಿರಜದವನು. ಮೈಮೇಲೆ ಅರ್ಜೆಂಟೀನಾದ ಅಂಗಿ. “ಅಣ್ಣಾರ, ನಗಬ್ಯಾಡ್ರಿ. ನಾ ರಾತ್ರಿ ಪೂರಾ ಮ್ಯಾಚ್ ನೋಡೀನಿ. ಮೊದಲ ಗೋಲು ನಮ್ಮದಾ ಇತ್ತು” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ಮರ್ಯಾದೆ ಹೋದವನ ಸಂಕಟ ಇತ್ತು. ಅಂದಿನಿಂದ ಆ ಹುಡುಗನ ಮಾತು ನನ್ನ ತಲೆಯೊಳಗೆ ಕೂತಿದೆ. ಅದಕ್ಕೇ ದರ, ನೀರು, ಕಬ್ಬಿನ ಬಿಲ್ಲು ಬರೆಯುವ ಈ ಅಂಕಣದಲ್ಲಿ ಇವತ್ತು ಕಾಲ್ಚೆಂಡಿನ ಮಾತು.

ಆದದ್ದಿಷ್ಟು. ಅಕ್ಟೋಬರ್ 14ರಂದು ಗೋವೆಯ ಮಡಗಾಂವದಲ್ಲಿ ಭಾರತ ಸಿಂಗಾಪುರದ ಎದುರು ಆಡಿತು. ಛಾಂಗ್ಟೆ 14ನೇ ನಿಮಿಷಕ್ಕೇ ಗೋಲು ಹೊಡೆದ. ಆಮೇಲೆ ಸಿಂಗಾಪುರದ ಒಬ್ಬನೇ ಆಟಗಾರ ಎರಡು ಹೊಡೆದ. 1-2. ಅಲ್ಲಿಗೆ 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. 24 ತಂಡಗಳ ಕೂಟದಲ್ಲಿ ನಮಗೆ ಜಾಗವಿಲ್ಲ! ಅರ್ಹತಾ ಸುತ್ತಿನ ಚೀಟಿ ಎತ್ತುವಾಗ ನಮ್ಮನ್ನು ಮೊದಲ ಸಾಲಿನ ತಂಡಗಳ ಜೊತೆ ಇಟ್ಟಿದ್ದರು. ಗುಂಪಿನಲ್ಲಿದ್ದವರು ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಾಪುರ. ಜಪಾನ್ ಇರಲಿಲ್ಲ, ಇರಾನ್ ಇರಲಿಲ್ಲ. ಆದರೂ ಆಗಲಿಲ್ಲ. ಗಾಯಕ್ಕೆ ಉಪ್ಪು ಸವರಿದಂತೆ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ 0-1ರಿಂದ ಸೋತೆವು. ಅವರ ಕೈಯಲ್ಲಿ ನಾವು ಸೋತದ್ದು 22 ವರ್ಷಗಳಲ್ಲಿ ಅದೇ ಮೊದಲು.

ಇದಕ್ಕೂ ಮುಂಚೆ 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಆಸೆ ಮುಗಿದಿತ್ತು. ಅಂದು ಕತಾರ್ ಮೇಲೆ 1-0 ಮುಂದಿದ್ದೆವು. ಚೆಂಡು ಗೆರೆ ದಾಟಿ ಹೊರಗೆ ಹೋದದ್ದು ಟಿ.ವಿ. ನೋಡಿದವರಿಗೆಲ್ಲ ಕಂಡಿತು, ರೆಫ್ರಿಗೆ ಕಾಣಲಿಲ್ಲ. ಅದನ್ನೇ ಒಳಗೆಳೆದು ಗೋಲು ಮಾಡಿದರು. ಕೊನೆಗೆ 1-2. ಅನ್ಯಾಯ ಹೌದು. ಆದರೆ ಆ ಒಂದು ಸೀಟಿಯ ಹೆಸರು ಹೇಳಿ ಎಷ್ಟು ವರ್ಷ ಅಳೋದು? ಮಡಗಾಂವದಲ್ಲಿ, ಢಾಕಾದಲ್ಲಿ ಅಂಥದ್ದೇನೂ ಆಗಿರಲಿಲ್ಲ.

ಇಂಥ ಸೋಲಿಗೆ ನಮ್ಮ ಸಾಂಗಲಿ, ಮಿರಜ, ಕಾಗವಾಡ, ಕುಡಚಿ ಕಡೆ ಜನ ಏನಂತಾರೆ ಎಂದು ಕಿವಿಗೊಟ್ಟು ಕೇಳಿದ್ದೇನೆ. ಮೂರು ಬಗೆ. ಒಬ್ಬರು ಕೋಚ್‌ನನ್ನು ಬಯ್ಯುತ್ತಾರೆ. ಕೋಚ್‌ಗಳೇನು, ಎರಡು ವರ್ಷದೊಳಗೆ ಮೂವರನ್ನು ಕಂಡೆವು: ಸ್ಟಿಮಾಚ್ ಹೋದರು, ಮಾರ್ಕೆಸ್ ಬಂದು ಹೋದರು, ಖಾಲಿದ್ ಜಮೀಲ್ ಬಂದರು. ಎರಡನೆಯವರು, “ನೂರಾ ನಲವತ್ತು ಕೋಟಿ ಮಂದ್ಯಾಗ ಹನ್ನೊಂದು ಮಂದಿ ಸಿಗಲಿಲ್ಲೇನು?” ಎಂದು ಚೇಷ್ಟೆ ಮಾಡುತ್ತಾರೆ. ಮೂರನೆಯವರು ಏನೂ ಅನ್ನೋದಿಲ್ಲ. ಅವರಿಗೆ ಗೊತ್ತೇ ಇಲ್ಲ. ನನ್ನ ಲೆಕ್ಕದಲ್ಲಿ ಬಯ್ಯುವವರು ವಾಸಿ. ಬಯ್ಗುಳದೊಳಗೆ ನಂಟು ಇರುತ್ತದೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ 5-0ಯಿಂದ ಗೆದ್ದ ಪಂದ್ಯಕ್ಕೆ ಬಂದವರು 2,569 ಜನ. ಮರುದಿನ ಸುನಿಲ್ ಛೇತ್ರಿ ಕೈಮುಗಿದು ಕೇಳಿಕೊಂಡ: ಬಯ್ಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ಮಾಡಿರಿ ಎಂದು. ಮುಂದಿನ ಪಂದ್ಯದ ಟಿಕೆಟ್ ಎಲ್ಲಾ ಖಾಲಿಯಾದವು. ಜನಕ್ಕೆ ಪ್ರೀತಿ ಇಲ್ಲ ಎಂದಲ್ಲ, ಕರೆಯುವವರಿಲ್ಲ. ಅದೇ ಛೇತ್ರಿ 2024ರ ಜೂನ್ 6ರಂದು ಕೋಲ್ಕತಾದಲ್ಲಿ ಬೂಟು ಬಿಚ್ಚಿಟ್ಟ. ಅಷ್ಟೊತ್ತಿಗೆ ದೇಶಕ್ಕಾಗಿ 94 ಗೋಲು ಹೊಡೆದಿದ್ದ. ಒಂಬತ್ತು ತಿಂಗಳಿಗೆ, ನಲವತ್ತು ದಾಟಿದ ಅವನನ್ನೇ ಮತ್ತೆ ಕರೆಸಿಕೊಂಡರು. ಹಳೇ ಎತ್ತನ್ನೇ ಮತ್ತೆ ನೊಗಕ್ಕೆ ಹೂಡಬೇಕಾದರೆ ಹಟ್ಟಿಯಲ್ಲಿ ಹೋರಿಕರ ಇಲ್ಲವೆಂದೇ ಅರ್ಥ.

ಹಿಂದೆ ಹೀಗಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲಿ ಫ್ರಾನ್ಸ್ ಎದುರು ಆಡಿ 1-2ರಿಂದ ಸೋತರು. ಅಂದು ಭಾರತದ ಗೋಲು ಹೊಡೆದವನು ಬೆಂಗಳೂರಿನ ಹುಡುಗ ಸಾರಂಗಪಾಣಿ ರಾಮನ್. 1951ರಲ್ಲಿ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ, 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ, ನಡುವೆ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ. ಆ ಎರಡನೇ ಚಿನ್ನದ ಹಿಂದಿದ್ದವರು ಹೈದರಾಬಾದಿನ ರಹೀಂ ಸಾಹೇಬರು. 1950ರ ವಿಶ್ವಕಪ್ಪಿಗೆ ಎದುರಾಳಿಗಳು ಹಿಂದೆ ಸರಿದದ್ದರಿಂದ ನಮಗೆ ಕುಂತಲ್ಲೇ ಕರೆ ಬಂದಿತ್ತು, ನಾವೇ ಹೋಗಲಿಲ್ಲ. ಬೂಟಿಲ್ಲದ್ದಕ್ಕೆ ಬಿಡಲಿಲ್ಲ ಎಂಬ ಕಥೆ ಚಹಾದಂಗಡಿಯಲ್ಲಿ ಚೆನ್ನಾಗಿ ಓಡುತ್ತದೆ. ನಿಜ ಸಂಗತಿ ಏನೆಂದರೆ ಅಂದಿನ ಸಂಘಟಕರಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಆ ಚೇಷ್ಟೆಯ ಮಾತಿಗೆ ಬರೋಣ. ನೂರಾ ನಲವತ್ತು ಕೋಟಿ ಎಂಬುದು ತಲೆಗಳ ಲೆಕ್ಕ, ಆಟಗಾರರ ಲೆಕ್ಕವಲ್ಲ. 2011ರ ಜನಗಣತಿ ಪ್ರಕಾರ ನಮ್ಮ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಆಫ್ರಿಕಾದ ಪಡುವಣ ಸಮುದ್ರದೊಳಗಿನ ಕೇಪ್ ವರ್ಡೆ ದೇಶವೂ ಸುಮಾರು ಅಷ್ಟೇ. ಅದು 2025ರ ಅಕ್ಟೋಬರ್ 13ರಂದು, ಅಂದರೆ ಮಡಗಾಂವದ ಸೋಲಿನ ಹಿಂದಿನ ದಿನ, ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ನಾವು ಢಾಕಾದಲ್ಲಿ ಸೋತ ನವೆಂಬರ್ 18ರಂದೇ ಕುರಾಸಾವ್ ಎಂಬ ದ್ವೀಪ ಅರ್ಹತೆ ಪಡೆಯಿತು. ಅದರ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು! ಖರೇ ಹೇಳಬೇಕೆಂದರೆ ಕುರಾಸಾವ್ ಆಟಗಾರರಲ್ಲಿ ಹೆಚ್ಚಿನವರು ಹಾಲೆಂಡಿನಲ್ಲಿ ಬೆಳೆದು ಕಲಿತವರು, ಅದನ್ನು ಮುಚ್ಚಿಡಬಾರದು. ಆದರೆ ಅದೂ ಪಾಠವೇ: ಹುಡುಗ ಎಲ್ಲಿ ಹುಟ್ಟಿದ ಎಂಬುದಕ್ಕಿಂತ ಎಲ್ಲಿ ಕಲಿತ ಎಂಬುದು ದೊಡ್ಡದು. ನಮ್ಮ ಏಷ್ಯಾದಲ್ಲೇ ಉಜ್ಬೇಕಿಸ್ತಾನ, ಜೋರ್ಡಾನ್ 2025ರ ಜೂನ್‌ನಲ್ಲಿ ಮೊದಲ ಸಲ ವಿಶ್ವಕಪ್ ಹೊಸ್ತಿಲು ದಾಟಿದವು. ಇನ್ನು ದೊಡ್ಡ ಮನೆತನದವರೂ ಎಡವುತ್ತಾರೆ. ನಾಲ್ಕು ಸಲ ವಿಶ್ವಕಪ್ ಗೆದ್ದ ಇಟಲಿ 2018ಕ್ಕೂ ಹೋಗಲಿಲ್ಲ, 2022ಕ್ಕೂ ಹೋಗಲಿಲ್ಲ. ಅಲ್ಲಿ ಊರಿಗೆ ಊರೇ ಅತ್ತಿತು. ನಮ್ಮಲ್ಲಿ ಅಳುವವನು ಒಬ್ಬ ಟೆಂಪೋ ಹುಡುಗ.

ದ್ರಾಕ್ಷಿ ಬೆಳೆಗಾರರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಿಗೆ ವರ್ಷಕ್ಕೆ ಎರಡು ಛಾಟಣಿ. ಅಕ್ಟೋಬರ್ ಛಾಟಣಿ ಹಣ್ಣಿಗೆ. ಆದರೆ ಗೊನೆಯ ಗರ್ಭ ನಿಲ್ಲುವುದು ಏಪ್ರಿಲ್ ಛಾಟಣಿಯ ನಂತರ ಬರುವ ಕಡ್ಡಿಯೊಳಗೆ, ಸುಡುಬಿಸಿಲಿನಲ್ಲಿ, ಯಾರ ಕಣ್ಣಿಗೂ ಕಾಣದೆ. ಆವಾಗ ನೀರು ತಪ್ಪಿತೋ, ಗೊಬ್ಬರ ತಪ್ಪಿತೋ, ಅಕ್ಟೋಬರಿನಲ್ಲಿ ಯಾವ ಔಷಧ ಹೊಡೆದರೂ ಬರೇ ಎಲೆ, ಗೊನೆ ಇಲ್ಲ. ನಮ್ಮ ಫುಟ್‌ಬಾಲ್ ನಡೆಸುವವರು ಏಪ್ರಿಲ್ ಮರೆತು ಅಕ್ಟೋಬರ್ ಒಂದನ್ನೇ ಹಿಡಿದಿದ್ದಾರೆ. ಎಂಟು-ಹತ್ತು ವರ್ಷದ ಹುಡುಗರಿಗೆ ಮೈದಾನ, ಕಲಿಸುವವರು, ವರ್ಷಕ್ಕೆ ಮೂವತ್ತು-ನಲವತ್ತು ಪಂದ್ಯ: ಇದು ಏಪ್ರಿಲ್ ಛಾಟಣಿ. ವಿದೇಶಿ ಕೋಚ್ ತರಿಸುವುದು, ಕಳಿಸುವುದು, ಶಿಬಿರ ಹಾಕುವುದು ಅಕ್ಟೋಬರ್ ಔಷಧ.

ಮೇಲಿನವರ ಸಂಸಾರವಾದರೂ ನೆಟ್ಟಗಿದೆಯೇ? ಹೊರಗಿನವರ ಹಸ್ತಕ್ಷೇಪ ಎಂದು ಹೇಳಿ ಫಿಫಾ 2022ರ ಆಗಸ್ಟಿನಲ್ಲಿ ನಮ್ಮ ರಾಷ್ಟ್ರೀಯ ಸಂಸ್ಥೆಯನ್ನೇ ಹತ್ತು-ಹನ್ನೊಂದು ದಿನ ಅಮಾನತಿನಲ್ಲಿಟ್ಟಿತ್ತು. 2025ರ ಜುಲೈನಲ್ಲಿ, ಒಪ್ಪಂದ ಮುಂದುವರಿಯುವ ಖಾತ್ರಿ ಇಲ್ಲವೆಂದು ಐಎಸ್‌ಎಲ್ ಲೀಗನ್ನು ನಡೆಸುವವರೇ ತಡೆಹಿಡಿದರು. ಸೆಪ್ಟೆಂಬರ್ ಬಂತು, ಅಕ್ಟೋಬರ್ ಬಂತು, ಲೀಗ್ ಇಲ್ಲ. ಹಂಗಾಮಿಗೆ ಸಕ್ಕರೆ ಕಾರ್ಖಾನೆ ಬಾಯ್ಲರ್ ಹೊತ್ತಿಸದಿದ್ದರೆ ಕಬ್ಬಿನವರ ಗತಿ ಏನು? ಆಟಗಾರರದ್ದೂ ಅದೇ ಗತಿ. ಮನೆಯಲ್ಲಿ ಲೀಗಿಲ್ಲದ ಹುಡುಗರನ್ನು ಸಿಂಗಾಪುರದ ಎದುರು ನಿಲ್ಲಿಸಿ ಗೆಲ್ಲಿರಪ್ಪಾ ಎಂದರೆ ಹೇಗೆ?

ನಮ್ಮ ಭಾಗಕ್ಕೆ ಬರೋಣ. ಮಿರಜದಿಂದ ಐವತ್ತು ಕಿಲೋಮೀಟರಿನೊಳಗೆ ಕೊಲ್ಲಾಪುರ. ಅಲ್ಲಿ ಪಾಟಾಕಡೀಲ್, ದಿಲಬಹಾರ್, ಖಂಡೋಬಾ, ಬಾಲಗೋಪಾಲ ತಾಲೀಮುಗಳ ಪಂದ್ಯವೆಂದರೆ ಶಾಹು ಸ್ಟೇಡಿಯಂ ತುಂಬುತ್ತದೆ. ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡ ಕಟ್ಟಿದ ಇಂಥ ಊರು ದೇಶದಲ್ಲಿ ಅಪರೂಪ. ಆ ಮಣ್ಣಿನಿಂದಲೇ ಅನಿಕೇತ್ ಜಾಧವ್ ಬಂದ. 2017ರಲ್ಲಿ ದಿಲ್ಲಿಯಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಆಡಿದ, ಮುಂದೆ ಹಿರಿಯರ ತಂಡಕ್ಕೂ ಆಡಿದ. ಪೇಠೆ ಪೇಠೆಗಳ ಜಿದ್ದು ಕೆಲವೊಮ್ಮೆ ಹೊಡೆದಾಟಕ್ಕೂ ಹೋಗುತ್ತದೆ, ಅದು ಬ್ಯಾಡ. ಆದರೆ ಆ ಹುಚ್ಚು ಬೇಕು. ಕರ್ನಾಟಕದ ಕಡೆ ನೋಡಿದರೆ 2023ರ ಮಾರ್ಚಿನಲ್ಲಿ ನಮ್ಮ ಹುಡುಗರು 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದರು, ಅದೂ ಸೌದಿಯ ರಿಯಾದ್‌ನಲ್ಲಿ. ಎಷ್ಟು ಮಂದಿಗೆ ನೆನಪಿದೆ?

ಸಾಂಗಲಿಯದು ಕ್ರಿಕೆಟಿನ ಊರು. ವಿಜಯ್ ಹಜಾರೆ ಹುಟ್ಟಿದ್ದು ಇಲ್ಲಿ. ಸ್ಮೃತಿ ಮಂಧಾನಾ ಬ್ಯಾಟ್ ಹಿಡಿದು ಬೆಳೆದದ್ದು ಇಲ್ಲಿ. 2025ರ ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದಾಗ, ಕೂಟದಲ್ಲಿ 434 ರನ್ ಹೊಡೆದಿದ್ದ ಈ ಊರಿನ ಮಗಳ ಹೆಸರು ಎಲ್ಲರ ಬಾಯಲ್ಲಿತ್ತು. ಸಣ್ಣ ಊರಿನಿಂದ ಆಗೋದಿಲ್ಲ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು. ಫುಟ್‌ಬಾಲಿನಲ್ಲೂ ಮಾನ ಉಳಿಸಿದವರು ಹೆಣ್ಣುಮಕ್ಕಳೇ. 2025ರ ಜುಲೈ 5ರಂದು ಥಾಯ್ಲೆಂಡಿನ ನೆಲದಲ್ಲೇ ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಮಹಿಳಾ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಗಂಡುಮಕ್ಕಳ ಸೋಲಿಗೆ ಬಯ್ಯುವ ನಾವು ಈ ಗೆಲುವಿಗೆ ಒಂದು ಪಟಾಕಿ ಹಾರಿಸಿದೆವೇ? ನವೆಂಬರ್ 30ರಂದು ಅಹಮದಾಬಾದಿನಲ್ಲಿ ಹದಿನೇಳರೊಳಗಿನ ಹುಡುಗರು ಇರಾನನ್ನು 2-1ರಿಂದ ಸೋಲಿಸಿದರು. ಬೀಜ ಸತ್ತಿಲ್ಲ. ನೀರು ಹಾಕುವವರು ಬೇಕು.

ನನ್ನ ಮನೆಯ ಮಾತೂ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗ ಹದಿಮೂರರವನು, ಎಡಗಾಲಿನ ಹುಡುಗ. ಊರ ಅಂಚಿನ ಖುಲ್ಲಾ ಜಾಗದಲ್ಲಿ ದಿನಾ ಸಂಜೆ ಆಡುತ್ತಿದ್ದ. ಹೋದ ವರ್ಷ ಅಲ್ಲಿ ಪ್ಲಾಟ್ ಬಿದ್ದವು, ಕಲ್ಲು ನೆಟ್ಟರು, ತಂತಿ ಎಳೆದರು. ಗಂಟೆಗೆ ಬಾಡಿಗೆ ಕೊಟ್ಟರೆ ಹಸಿರು ಗಾದಿ ಹಾಸಿದ ಜಾಗ ಸಿಗುತ್ತದೆ, ಆದರೆ ದಿನಾ ಕೊಡುವವರು ಯಾರು? ಮಡಗಾಂವದ ಸೋಲಿನ ಮರುದಿನ ಅವನು ನನಗೆ ಹೇಳಿದ: “ಮಾಮಾ, ಭಾರತ ಗೆದ್ದಿದ್ದರೂ ನಾ ಎಲ್ಲಿ ಆಡ್ಲಿ?” ಈ ಮಾತಿಗೆ ಯಾವ ಕೋಚ್ ಉತ್ತರ ಕೊಡಬೇಕು?

ಆದ್ದರಿಂದ ದಿಲ್ಲಿಯವರನ್ನು ಬಯ್ಯೋಣ, ಬಿಡೋದು ಬ್ಯಾಡ. ಅದರ ಜೊತೆಗೆ ನಮ್ಮ ಕೈಯಲ್ಲಿದ್ದದ್ದನ್ನೂ ಮಾಡೋಣ. ಗ್ರಾಮ ಪಂಚಾಯತಿಯವರು, ಪಾಲಿಕೆಯವರು ಇದ್ದ ಬಯಲನ್ನು ಆಟಕ್ಕೆಂದೇ ದಾಖಲೆಯಲ್ಲಿ ಕಟ್ಟಿಹಾಕಬೇಕು. ಜಾತ್ರೆಗೆ ಕುಸ್ತಿ, ಶರ್ಯತ್ತಿಗೆ ಸಾವಿರಾರು ರೂಪಾಯಿ ಇನಾಮು ಕೊಡುವ ನಮ್ಮ ವ್ಯಾಪಾರಸ್ಥರು ಹುಡುಗರ ಲೀಗಿಗೂ ಒಂದು ಪಾಲು ತೆಗೆದಿಡಬೇಕು. ಅಥಣಿ, ಕಾಗವಾಡ, ಜತ್ತ, ಮಿರಜ ನಾಲ್ಕೂ ಕಡೆಯ ಶಾಲೆಗಳು ಕೂಡಿ ಚಳಿಗಾಲದಾಗ ಪಂದ್ಯ ಇಟ್ಟರೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಗಡಿಯ ಕಲ್ಲು ಎಲ್ಲಿದೆ ಎಂಬ ಜಗಳ ಕೋರ್ಟಿನಲ್ಲಿರಲಿ. ಚೆಂಡಿಗೆ ಕನ್ನಡವೂ ತಿಳಿಯುತ್ತದೆ, ಮರಾಠಿಯೂ ತಿಳಿಯುತ್ತದೆ.

ಅಂದು ಯಾರ್ಡಿನಿಂದ ಏಳುವಾಗ ಇಷ್ಟನ್ನೂ ಅಡತಿಯವರಿಗೆ ಹೇಳಿದ್ದೆ. ಅವರು ತಕ್ಕಡಿ ಹಿಡಿಯುವ ಜನ, ಮಾತು ತೂಗಿ ಆಡುವವರು. ಟೆಂಪೋ ಹುಡುಗನ ಕಡೆ ಒಮ್ಮೆ ನೋಡಿ, “ಚೆಂಡು, ಬೂಟಿನ ರೊಕ್ಕ ನಾ ಕೊಡ್ತೀನ್ರಿ. ನೀವು ಮೈದಾನ ಎಲ್ಲೈತಿ ಅಷ್ಟು ತೋರಸ್ರಿ” ಎಂದರು.

ನಾನು ಇನ್ನೂ ಹುಡುಕುತ್ತಿದ್ದೇನೆ. ನಿಮ್ಮ ಊರಿನಾಗ ಒಂದು ಖುಲ್ಲಾ ಜಾಗ ಉಳಿದಿದ್ದರೆ ಈ ಪುಟಕ್ಕೆ ಒಂದು ಪತ್ರ ಹಾಕಿರಿ.