ಹಲ್ಲು ಕಾಣದ ಕುದುರೆ ಸಂತೆ

2022ರಲ್ಲಿ ಪಂಜಾಬಿನ ಸುನಾಮ್‌ನ ಬಟ್ಟೆ ವ್ಯಾಪಾರಿಯೊಬ್ಬರು 22.65 ಲಕ್ಷ ರೂಪಾಯಿಗೆ ಕಪ್ಪು ಮಾರ್ವಾಡಿ ಗಂಡು ಕುದುರೆ ಕೊಂಡರು. ಮನೆಗೆ ತಂದು ಮೈ ತೊಳೆದರೆ ಬಣ್ಣ ನೀರಿನೊಂದಿಗೆ ಹರಿದುಹೋಯಿತು. ಒಳಗಿದ್ದದ್ದು ಸಾದಾ ಕಂದು ಕುದುರೆ. ಪೊಲೀಸರಿಗೆ ದೂರು ಹೋಯಿತು, ದೇಶವೆಲ್ಲ ನಕ್ಕಿತು. ಆದರೆ ಅದು ಆನ್‌ಲೈನ್ ಖರೀದಿಯಲ್ಲ, ದಲ್ಲಾಳಿಗಳ ಮೂಲಕ ನಡೆದ ಹಳೇ ಪದ್ಧತಿಯ ವ್ಯಾಪಾರ. ಅಲ್ಲಿಯೇ ಹೀಗಾದರೆ ಮೊಬೈಲ್ ಪರದೆಯ ಮೇಲೆ ನೋಡಿ ಮುಂಗಡ ಕಳಿಸುವವರ ಪಾಡೇನು?

ನಾನಿರುವ ಪುಣೆಯ ಹೊರವಲಯದಲ್ಲಿ ನಾಲ್ಕಾರು ಗುಂಟೆ ಜಾಗ ಮಾಡಿಕೊಂಡು, ಮಕ್ಕಳ ಆಸೆಗೆಂದು ಕುದುರೆ ಕಟ್ಟಲು ಹೊರಟವರು ನಮ್ಮವರಲ್ಲೂ ಇದ್ದಾರೆ. ಮಹಾರಾಷ್ಟ್ರದಲ್ಲಿ ಕುದುರೆಗೆ ಹೆಸರಾದದ್ದು ನಂದುರಬಾರ್ ಜಿಲ್ಲೆಯ ಸಾರಂಗಖೇಡಾ ಜಾತ್ರೆ. ತಾಪಿ ನದಿಯ ದಡದಲ್ಲಿ ದತ್ತ ಜಯಂತಿಯ ಹೊತ್ತಿಗೆ ಸೇರುವ ಅದಕ್ಕೆ ವರ್ಷವಿಡೀ ಕಾಯಬೇಕು. ಓಎಲ್‌ಎಕ್ಸ್, ಫೇಸ್‌ಬುಕ್, ಯೂಟ್ಯೂಬ್ ಕಾಯಿಸುವುದಿಲ್ಲ. ಕುದುರೆಗಳೂ ಕಡಿಮೆಯಾಗಿವೆ: 2012ರ ಜಾನುವಾರು ಗಣತಿಯಲ್ಲಿ 6 ಲಕ್ಷ ದಾಟಿದ್ದ ಕುದುರೆ, ಪೋನಿಗಳ ಸಂಖ್ಯೆ 2019ಕ್ಕೆ 3.4 ಲಕ್ಷಕ್ಕಿಳಿಯಿತು. ರಾಜಸ್ಥಾನದಲ್ಲೋ ಗುಜರಾತಿನಲ್ಲೋ ಇರುವ ಮಾರಾಟಗಾರನನ್ನು ಹುಡುಕಲು ಬೇರೆ ದಾರಿ ಎಲ್ಲಿದೆ? ಆನ್‌ಲೈನ್ ಸಹವಾಸವೇ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಜಾತ್ರೆ ಮೊಬೈಲಿಗೆ ಬಂತು, ಜಾತ್ರೆಯ ಪರೀಕ್ಷೆ ಮಾತ್ರ ಹಿಂದೆಯೇ ಉಳಿಯಿತು. ತೊಡಕು ಇರುವುದು ಅಲ್ಲಿ.

ಜಾತ್ರೆಯಲ್ಲಿ ಮೊದಲು ನೋಡುವುದು ಬಾಯಿ. ನಮ್ಮ ರೈತರು ಎತ್ತಿಗೆ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದ್ದು ಎಂದು ಎಣಿಸುವಂತೆ ಕುದುರೆಗೂ ಲೆಕ್ಕವಿದೆ. ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಹೊಸದು ಬರುತ್ತದೆ, 5ಕ್ಕೆ ಬಾಯಿ ಕೂಡುತ್ತದೆ. 10ರ ಸುಮಾರಿಗೆ ಮೇಲಿನ ಸಾಲಿನ ಕೊನೆಯ ಬಾಚಿಹಲ್ಲಿನ ಬುಡದಲ್ಲಿ ಗೆರೆಯೊಂದು ಮೂಡಿ, 15ಕ್ಕೆ ಅರ್ಧ ಹಲ್ಲಿನವರೆಗೆ ಇಳಿಯುತ್ತದೆ. ‘ವಯಸ್ಸು 6’ ಎಂದು ಬರೆಯುವ ಜಾಹೀರಾತಿನಲ್ಲಿ ಬಾಯಿ ತೆರೆದ ಚಿತ್ರ ನಾನು ಕಂಡದ್ದು ಅಪರೂಪ. ಅಲ್ಲಿರುವುದು ಹಿಂಗಾಲ ಮೇಲೆ ನಿಂತ ಕುದುರೆ, ಹಿನ್ನೆಲೆಗೊಂದು ಸಿನಿಮಾ ಹಾಡು. ಮೆತ್ತನೆ ಮರಳಿನಲ್ಲಿ ಓಡಿಸಿದರೆ ಸಣ್ಣ ಕುಂಟು ಗೊತ್ತಾಗುವುದಿಲ್ಲ. ನೋವಿನ ಮದ್ದು ಕೊಟ್ಟಿದ್ದರೆ ಗಟ್ಟಿ ನೆಲದಲ್ಲೂ ಕಾಣದು. ಮೈಮೇಲಿನ ಶುಭದ ಸುಳಿಯನ್ನು ಮಾತ್ರ ಹತ್ತಿರದಿಂದ, ಎರಡೆರಡು ಸಲ ತೋರಿಸುತ್ತಾರೆ!

ಹಣ ಹೋದರೆ ಒಬ್ಬರ ನಷ್ಟ. ಗ್ಲ್ಯಾಂಡರ್ಸ್ ಬಂದರೆ ಹಾಗಲ್ಲ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ತಗಲುವ ಈ ಬ್ಯಾಕ್ಟೀರಿಯಾ ರೋಗ ಮನುಷ್ಯರಿಗೂ ದಾಟಬಲ್ಲದು; ಖಚಿತವಾದರೆ ಪ್ರಾಣಿಗೆ ದಯಾಮರಣವೇ ಗತಿ. ಮೇಲ್ನೋಟಕ್ಕೆ ಚೆನ್ನಾಗಿರುವ ಕುದುರೆಯಲ್ಲೂ ಸೋಂಕು ಅಡಗಿರಬಹುದು, ರಕ್ತಪರೀಕ್ಷೆಯೇ ಬೇಕು. ಹರಿಯಾಣದ ಹಿಸಾರ್‌ನಲ್ಲಿ ಇದಕ್ಕೆಂದೇ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಪ್ರಯೋಗಾಲಯವಿದೆ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯೂ ಇದೆ. 1978ರ ಸಾಗಣೆ ನಿಯಮಗಳ ಪ್ರಕಾರ ಕುದುರೆಯನ್ನು ಲಾರಿಗೆ ಹತ್ತಿಸುವ ಮುನ್ನ ಪಶುವೈದ್ಯರ ಪತ್ರ ಬೇಕು. ಆದರೆ ಇವೆಲ್ಲ ವ್ಯಾಪಾರ ಮುಗಿದ ಮೇಲಿನ ಮಾತು.

ಹಳೇ ಸ್ಕೂಟರ್ ಕೊಳ್ಳುವಾಗ ನಾವು ಆರ್‌ಸಿ ಕೇಳುತ್ತೇವೆ. ರೇಸಿನ ಥರೋಬ್ರೆಡ್‌ಗೂ ಅಂಥ ಕಾಗದವಿದೆ. ಅದರ ವಂಶಾವಳಿ ಬರೆದಿಡುವ ಸ್ಟಡ್ ಬುಕ್ ಕಚೇರಿ ಇರುವುದು ಇದೇ ಪುಣೆಯಲ್ಲಿ. ಹಸು ಎಮ್ಮೆಗಳಿಗೆ ಸರ್ಕಾರವೇ ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹಾಕುತ್ತಿದೆ. ಟಾಂಗಾದ, ಮದುವೆ ಮೆರವಣಿಗೆಯ, ಸವಾರಿಯ ಕುದುರೆಗಳಲ್ಲಿ ಬಹುಪಾಲಿಗೆ ಯಾವ ಗುರುತೂ ಇಲ್ಲ. ಜಾಲತಾಣದವರನ್ನು ಕೇಳಿದರೆ, ನಾವು ಇಬ್ಬರನ್ನು ಸೇರಿಸುವವರು ಅಷ್ಟೇ ಎನ್ನುತ್ತಾರೆ. ಮೈಕ್ರೋಚಿಪ್ ಸಂಖ್ಯೆ ಮತ್ತು ಇತ್ತೀಚಿನ ಗ್ಲ್ಯಾಂಡರ್ಸ್ ವರದಿ ಇಲ್ಲದ ಜಾಹೀರಾತು ಪ್ರಕಟವಾಗಬಾರದು ಎಂಬ ಷರತ್ತು ಅವರಿಗೆ ದೊಡ್ಡ ಹೊರೆಯೇನಲ್ಲ. ಟಾಂಗಾ ಇಟ್ಟುಕೊಂಡ ಬಡವನಿಗೆ ಅದರ ಖರ್ಚು ಭಾರ ಎಂಬ ಆಕ್ಷೇಪ ನ್ಯಾಯವಾದದ್ದು. ಹಸುವಿಗೆ ಉಚಿತವಾಗಿ ಬಿಲ್ಲೆ ಹಾಕುವ ಪಶುಸಂಗೋಪನಾ ಇಲಾಖೆ 3.4 ಲಕ್ಷ ಕುದುರೆಗಳ ಮಟ್ಟಿಗೆ ಆ ಖರ್ಚು ಹೊರಬಲ್ಲದು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿರುವುದು ಇಷ್ಟು: ಹಳೆಯ ವಿಡಿಯೊ ಬಿಟ್ಟು ನೇರ ಕರೆಯಲ್ಲಿ ಹಲ್ಲು, ಗೊರಸು ತೋರಿಸಲು ಕೇಳುವುದು, ಗಟ್ಟಿ ನೆಲದಲ್ಲಿ ಎರಡೂ ಕಡೆಗೆ ಸುತ್ತು ಹಾಕಿಸುವುದು, ತಾವೇ ಗೊತ್ತುಮಾಡಿದ ಪಶುವೈದ್ಯರನ್ನು ಕಳಿಸಿ ರಕ್ತ ತೆಗೆಸುವುದು. ‘ಇನ್ನೊಬ್ಬರು ಕಾದಿದ್ದಾರೆ, ಲಾರಿ ಬಾಡಿಗೆ ಮಾತ್ರ ಈಗಲೇ ಹಾಕಿ ಸಾರ್’ ಎಂದರೆ ಫೋನ್ ಇಟ್ಟುಬಿಡಬಹುದು.