ಕಲಾವಿದರು ಯಾರನ್ನು ಕೇಳಬೇಕು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ದೊರೆಯ ಆಜ್ಞೆ ಮುಗಿದ ಮೇಲೆ ಅಲ್ಲಿ ಒಬ್ಬ ಕೆಲಸಗಾರನ ಹೆಸರು ಬರುತ್ತದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರನೆಂದು ಹೇಳುವ ಪದವನ್ನು ಮಾತ್ರ ಆತ ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಚಕ್ರವರ್ತಿಯ ಮಾತಿನ ಕೆಳಗೆ ತನ್ನ ಹೆಸರನ್ನೂ ಕಸುಬನ್ನೂ ದಾಖಲಿಸಿ ಹೋದ ಈ ಮನುಷ್ಯನನ್ನು ಈ ಭಾಗದ ಕಲಾವಿದರೆಲ್ಲರ ಹಿರಿಯನೆಂದು ನಾವು ಎಣಿಸುತ್ತೇವೆ.

ಅದೇ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಊರಿನ ಹೆಸರಿಗೆ ಸಂದ ಗೌರವ, ಸಂತೋಷ. ಅಂಚು ಸೆರಗುಗಳ ನಕ್ಷೆ ಬರೆದವರ ಹೆಸರು ಮಾತ್ರ ಸೀರೆಯ ಜೊತೆ ಅಂಗಡಿಯವರೆಗೂ ಬರುವುದಿಲ್ಲ. ಚಳ್ಳಕೆರೆಯಂಥ ಊರುಗಳಲ್ಲಿ ಬೋರ್ಡು ಬರೆಯುತ್ತಿದ್ದವರ ಕೆಲಸವನ್ನು ಫ್ಲೆಕ್ಸು ಕಿತ್ತುಕೊಂಡಿತು. ಉಳಿದವರು ಶಾಲೆ, ಅಂಗನವಾಡಿಗಳ ಗೋಡೆಗೆ ಚಿತ್ರ ಬರೆಯುತ್ತಾರೆ, ನಾಟಕದ ಪರದೆ ಬರೆಯುತ್ತಾರೆ, ಹಬ್ಬಕ್ಕೆ ಗಣಪತಿ ಮಾಡುತ್ತಾರೆ. ಚದರಡಿಗೆ ಎಷ್ಟು ಕೇಳಬೇಕು? ಮುಂಗಡ ಎಷ್ಟು ಇಸಿದುಕೊಳ್ಳಬೇಕು? ಗೋಡೆಯ ಮೂಲೆಯಲ್ಲಿ ಸಹಿ ಹಾಕಬಹುದೆ? ಬಿಲ್ಲು ಪಾಸಾಗದೆ ವರ್ಷ ಕಳೆದರೆ ಯಾರ ಹತ್ತಿರ ಹೋಗಬೇಕು? ಇವನ್ನು ಕೇಳಿಕೊಂಡು ಹೋಗಲು ಒಂದು ಜಾಗವಿಲ್ಲ.

ಕಲಾವಿದರಿಗೆ ಶಾಲು ಹೊದಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪಕ್ಕದಲ್ಲಿ ಕೂತು, ಅವರ ಕೈಯಲ್ಲಿರುವ ಕಾಗದವನ್ನು ಓದಿ, ಇದಕ್ಕೆ ರುಜು ಹಾಕಿ, ಇದಕ್ಕೆ ಹಾಕಬೇಡಿ ಎಂದು ಹೇಳುವವರು ಕಡಿಮೆ. ಈ ಸಂಚಿಕೆಯ ಮಾತು ಅಂಥವರನ್ನು ಕುರಿತದ್ದು.

1967ರಲ್ಲಿ ಕೆನಡಾದ ರಾಷ್ಟ್ರೀಯ ಗ್ಯಾಲರಿ ತನ್ನ ಒಂದು ಪ್ರದರ್ಶನದ ಸಂಬಂಧವಾಗಿ ಕಲಾವಿದರ ಕೃತಿಗಳ ಪ್ರತಿ ತೆಗೆಯಲು ಅವರಿಂದ ಪುಕ್ಕಟೆ ಒಪ್ಪಿಗೆ ಕೇಳಿತು. ಲಂಡನ್ ಎಂಬ ಹೆಸರಿನ, ಆ ದೇಶದ ಒಂದು ಊರಿನಲ್ಲಿದ್ದ ಚಿತ್ರಕಾರ ಜ್ಯಾಕ್ ಚೇಂಬರ್ಸ್ ಒಪ್ಪಲಿಲ್ಲ. ಸುಮ್ಮನೂ ಕೂರಲಿಲ್ಲ, ಉಳಿದ ಕಲಾವಿದರಿಗೆ ಪತ್ರ ಬರೆದು ಅವರನ್ನು ಒಟ್ಟು ಕಟ್ಟಿದರು. 1968ರಲ್ಲಿ ಹುಟ್ಟಿದ ಆ ಸಂಘವೇ ‘ಕಾರ್‌ಫ್ಯಾಕ್’. ಕೃತಿಯನ್ನು ಪ್ರದರ್ಶಿಸಿದ್ದಕ್ಕೂ ಕಲಾವಿದರಿಗೆ ಶುಲ್ಕ ಕೊಡುವ ಪದ್ಧತಿ ಅಲ್ಲಿ 1975ರಲ್ಲಿ ಬಂದದ್ದು ಆ ಸಂಘದ ಒತ್ತಾಯದಿಂದ. ನ್ಯೂಯಾರ್ಕಿನ ಕೆಲವು ವಕೀಲರು 1969ರಲ್ಲಿ ಹಣ ಕೊಡಲಾಗದ ಕಲಾವಿದರಿಗೆ ಉಚಿತವಾಗಿ ಕಾನೂನು ಸಲಹೆ ಕೊಡತೊಡಗಿದರು. ಎರಡು ಕಡೆಯೂ ಕೆಲಸ ಶುರುವಾದದ್ದು ಮೈಮೇಲೆ ಹಾಕಿಕೊಂಡು ಮಾಡುವ ನಾಲ್ಕು ಜನರಿಂದ.

ನಮ್ಮ ಕಾನೂನೂ ಕಲಾವಿದರನ್ನು ಪೂರ್ತಿ ಕೈಬಿಟ್ಟಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಮಿನ ಪ್ರಕಾರ, ಕೃತಿಯನ್ನು ಮಾರಿದ ಮೇಲೂ ಇದು ನನ್ನದು ಎಂದು ಹೇಳುವ, ಅದನ್ನು ಕೆಡಿಸಿ ತನ್ನ ಹೆಸರಿಗೆ ಮಸಿ ಬಳಿದರೆ ಪ್ರಶ್ನಿಸುವ ಹಕ್ಕು ಕಲಾವಿದರಿಗಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. ಅವರು ಪಟ್ಟುಹಿಡಿದು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪವನ್ನು ಅವರಿಗೇ ಹಿಂತಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಹೇಳಿತು. ಅದೇ ಕಾಯ್ದೆಯಲ್ಲಿ ಎಚ್ಚರ ತಪ್ಪಬಾರದ ಜಾಗಗಳೂ ಇವೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕುಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರದೇ ಆಗುತ್ತದೆ. ಇನ್ನು ನೇಯ್ಗೆಯ ವಿನ್ಯಾಸ: ನೋಂದಣಿ ಮಾಡಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಮಾಲೀಕರೇ ಆಗಲಿ ಅವರ ಅನುಮತಿ ಪಡೆದವರೇ ಆಗಲಿ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಹಕ್ಕುಸ್ವಾಮ್ಯ ಅಲ್ಲಿಗೆ ಮುಗಿಯಿತು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಈ ಒಂದು ಸಾಲನ್ನು ಯಾರಾದರೂ ಕೂತು ವಿವರಿಸಿ ಹೇಳಿದರೆ, ಹತ್ತು ಸನ್ಮಾನಕ್ಕಿಂತ ಅದು ಹೆಚ್ಚು.

ಸರ್ಕಾರದ ಯೋಜನೆಗಳೂ ಹೀಗೆಯೇ, ತಿಳಿದವರೊಬ್ಬರು ಜೊತೆಗಿರದೆ ದಕ್ಕುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ಶಿಲ್ಪಿಗಳಿದ್ದಾರೆ, ಕುಂಬಾರರಿದ್ದಾರೆ, ಗೊಂಬೆ ಮಾಡುವವರಿದ್ದಾರೆ. ಬೋರ್ಡು ಬರೆಯುವವರಿಲ್ಲ, ನೇಕಾರರೂ ಇಲ್ಲ. ತೊಗಲುಗೊಂಬೆ ಕೊರೆಯುವವರು ಯಾವ ಹೆಸರಿನಡಿ ಅರ್ಜಿ ಹಾಕಬೇಕು? ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ 58 ವರ್ಷ ತುಂಬಿದ್ದರೆ ಸಾಲದು, ಕಲಾಸೇವೆಗೆ ದಾಖಲೆ ಬೇಕು. ಜಾತ್ರೆಯಿಂದ ಜಾತ್ರೆಗೆ ಅಲೆದ ಕುಟುಂಬ ಪತ್ರಿಕೆಯ ತುಣುಕನ್ನು ಎಲ್ಲಿ ಕಾದಿಟ್ಟೀತು?

ಇಂಥ ಆಸರೆಗೆ ನಿಂತವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಎಂ.ಎಸ್. ನಂಜುಂಡರಾವ್ ಚಿತ್ರಕಲಾ ಪರಿಷತ್ತನ್ನು ಕಟ್ಟುತ್ತಲೇ ಹಳ್ಳಿಗಳ ತೊಗಲುಗೊಂಬೆಗಳನ್ನು ಹುಡುಕಿ ಸಂಗ್ರಹಿಸಿ, ಅವುಗಳ ಬಗ್ಗೆ ಪುಸ್ತಕ ಬರೆದರು. ಕೆನ್ ಕಲಾಶಾಲೆಯ ಆರ್.ಎಂ. ಹಡಪದ್ ಅವರ ಕೈಕೆಳಗೆ ಶೀಲಾ ಗೌಡ ಅವರಂಥ ಕಲಾವಿದರು ರೂಪುಗೊಂಡರು. ಅಂಥ ಮೇಷ್ಟರು ಬ್ರಷ್ಷು ಹಿಡಿಯುವುದರ ಜೊತೆಗೆ ಬದುಕುವುದನ್ನೂ ಹೇಳಿಕೊಡುತ್ತಾರೆ. ಸುರೇಶ್ ಜಯರಾಮ್ ಬೆಂಗಳೂರಿನ ಶಾಂತಿನಗರದ ತಮ್ಮ ‘1 ಶಾಂತಿರೋಡ್’ ಅನ್ನು ಕಲಾವಿದರು ಬಂದು ಉಳಿದು ಕೆಲಸ ಮಾಡುವ ಮನೆಯಾಗಿಸಿದ್ದಾರೆ. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಧನಸಹಾಯ ಕೋರಿ ಕನ್ನಡದಲ್ಲೇ ಬರೆಯಬಹುದು. ಅದರ ‘ಕಲಿ-ಕಲಿಸು’ ಸರ್ಕಾರಿ ಶಾಲೆಗಳಲ್ಲಿ ಕಲೆಯ ಕಲಿಕೆಗಾಗಿ ಇರುವ ಕಾರ್ಯಕ್ರಮ. ನೇಯ್ಗೆಯ ವಿನ್ಯಾಸಕ್ಕೆ ನೆರವಾಗುವ ಸರ್ಕಾರದ ನೇಕಾರರ ಸೇವಾ ಕೇಂದ್ರಗಳಲ್ಲೂ ಒಂದು ಕಾಲಕ್ಕೆ ಪ್ರಭಾಕರ ಬರ್ವೆಯಂಥ ದೊಡ್ಡ ಚಿತ್ರಕಾರರು ನೌಕರಿ ಮಾಡುತ್ತಿದ್ದರು.

ಆದರೆ ಬೆಂಗಳೂರು ಮೊಳಕಾಲ್ಮೂರಿನಿಂದ ದೂರ. ತೆಲುಗು, ಕನ್ನಡ ಎರಡನ್ನೂ ಸಲೀಸಾಗಿ ಆಡುವ ಈ ಗಡಿಸೀಮೆಯ ಕಲಾವಿದರು ಇಂಗ್ಲಿಷಿನ ಅರ್ಜಿಯ ಮುಂದೆ ಮಾತು ಕಳೆದುಕೊಳ್ಳುತ್ತಾರೆ. ಇಲ್ಲಿ ಸದ್ಯಕ್ಕೆ ಅವರ ಸಲಹಾ ಕೇಂದ್ರವೆಂದರೆ ಡ್ರಾಯಿಂಗ್ ಮೇಷ್ಟರೇ. ಶಾಲೆ ಬಿಟ್ಟ ಮೇಲೆ ಹಳೆಯ ವಿದ್ಯಾರ್ಥಿಗೆ ಅರ್ಜಿ ತುಂಬಿಕೊಡುವವರು, ದಾವಣಗೆರೆಯ ದೃಶ್ಯಕಲಾ ಕಾಲೇಜಿಗೆ ಸೇರು ಎಂದು ಹುಡುಗಿಯ ತಂದೆಯನ್ನು ಒಪ್ಪಿಸುವವರು ಅವರು. ಈ ಕೆಲಸಕ್ಕೆ ಸಂಬಳವಿಲ್ಲ, ಹೆಸರೂ ಇಲ್ಲ. ಡ್ರಾಯಿಂಗ್ ಶಿಕ್ಷಕರ ಹುದ್ದೆ ಖಾಲಿ ಬಿಟ್ಟರೆ ಒಂದು ಊರು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಶಿಕ್ಷಣ ಇಲಾಖೆ ಈ ದಿಕ್ಕಿನಿಂದಲೂ ಯೋಚಿಸಬೇಕು.

ನಮ್ಮ ಕೋರಿಕೆ ದೊಡ್ಡದೇನಲ್ಲ. ಚಳ್ಳಕೆರೆಯಲ್ಲೊಂದು, ಮೊಳಕಾಲ್ಮೂರಿನಲ್ಲೊಂದು ಗ್ರಂಥಾಲಯದ ಮೇಜು, ತಿಂಗಳಿಗೆ ಒಂದು ಭಾನುವಾರ. ಒಬ್ಬ ವಕೀಲರು, ಲೆಕ್ಕ ಬಲ್ಲ ಒಬ್ಬರು, ಒಬ್ಬ ಡ್ರಾಯಿಂಗ್ ಮೇಷ್ಟರು. ಕಲಾವಿದರಿಗೆ ಬೇಕಾದ ಕರಾರುಪತ್ರ ಮತ್ತು ಬಿಲ್ಲಿನ ಕನ್ನಡ ಮಾದರಿಗಳನ್ನು ಮುಂದಿನ ಸಂಚಿಕೆಯಿಂದ ನಾವು ಅಚ್ಚುಹಾಕುತ್ತೇವೆ; ಯಾರು ಬೇಕಾದರೂ ನಕಲು ತೆಗೆದು ಹಂಚಬಹುದು. ಆ ಮೇಜಿನ ಹಿಂದೆ ಕೂರಲು ಮನಸ್ಸಿರುವ ಎರಡೂ ತಾಲ್ಲೂಕಿನ ಓದುಗರು ದಯವಿಟ್ಟು ನಮಗೆ ಬರೆಯಿರಿ.